ಕಡಸಿನ ಮೈ ನೋಡುವ ಕಣ್ಣು ಮಕ್ಕಳ ಕಡೆಗೂ ಇರಲಿ

ತಾಯಂದಿರೇ, ಕಡಸಿನ ಮೈ ಕೊಬ್ಬಿದರೆ ಗಬ್ಬ ನಿಲ್ಲುವುದು ಕಷ್ಟವೆಂದು ನಿಮಗೆ ಗೊತ್ತು. ಹಿಂಡಿ ಕಡಿಮೆ ಮಾಡಿ ಬಯಲಿಗೆ ಬಿಡುತ್ತೀರಿ. ಮಗು ವಯಸ್ಸಿಗೆ ಮೀರಿ ದಪ್ಪಗಾದರೆ ಮಾತ್ರ ‘ಚಲೋ ಬೆಳದೈತಿ’ ಎನ್ನುತ್ತೇವೆ. ಆಡೂರಿನಲ್ಲೂ ಹಾಲಿನ ದುಡ್ಡಿನಲ್ಲೇ ಚಿಪ್ಸ್ ಪಾಕೀಟು ಬರುತ್ತದೆ, ಅಳು ನಿಲ್ಲಿಸಲು ಮೊಬೈಲ್.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಣ್ಣುಮಕ್ಕಳಿಗೂ ಅಷ್ಟೇ ಬೇಕು. ಕಸ ಗುಡಿಸಿದರೆ ಆಟವಾಡಿದಂತಲ್ಲ.

ಶಾಲೆಯಲ್ಲಿ 2013ರಲ್ಲಿ ಕ್ಷೀರಭಾಗ್ಯ ಶುರುವಾಯಿತು. ಮನೆಯಲ್ಲೂ ಕ್ಯಾನಿಗೆ ಸುರಿಯುವ ಮುನ್ನ ಒಂದು ಲೋಟ ತೆಗೆದಿಡಿ. ಕಾಯಿಸಿ, ಸಕ್ಕರೆ ಹಾಕದೆ ಕೊಡಿ. ಸಂಜೆ ಡೇರಿಗೆ ಬರುವಾಗ ಮಕ್ಕಳನ್ನು ನಡೆಸಿಕೊಂಡೇ ಬನ್ನಿ, ಬೈಕ್ ಬೇಡ. ಇನ್ನು ಅಪ್ಪನೇ ಊಟದ ಹೊತ್ತಿಗೂ ಮೊಬೈಲ್ ಹಿಡಿದು ಕೂತಿದ್ದರೆ, ಮೊದಲು ಅವರಿಗೆ ಹೇಳಿ.