ಚಿಗರಿಯನ್ನು ನೋಡುವವರು, ಚಿಗರಿಯನ್ನು ಸಾಕುವವರು

ನಮ್ಮ ಕಥೋಲಿಕ ಕುಟುಂಬಗಳಲ್ಲಿ ಪ್ರವಾಸವೆಂದರೆ ಒಂದು ಕಾಲಕ್ಕೆ ಯಾತ್ರೆಯೆಂದೇ ಅರ್ಥವಿತ್ತು. ಹಳೆ ಗೋವೆಯ ಸಂತ ಫ್ರಾನ್ಸಿಸ್ ಝೇವಿಯರರ ಸನ್ನಿಧಿಗೋ ದೂರದ ವೇಳಾಂಗಣಿಗೋ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು. ಇಂದು ಆ ಪಟ್ಟಿಗೆ ದಾಂಡೇಲಿ, ಕಬಿನಿ, ಬಂಡೀಪುರಗಳೂ ಸೇರಿಕೊಂಡಿವೆ. ಮಕ್ಕಳಿಗೆ ಆನೆಯನ್ನೂ ಹುಲಿಯನ್ನೂ ಅವುಗಳ ಮನೆಯಲ್ಲಿಯೇ ತೋರಿಸಬೇಕೆಂಬ ತಂದೆ ತಾಯಂದಿರ ಆಸೆ ಮೆಚ್ಚತಕ್ಕದ್ದೇ. ಆದರೆ ಯಾತ್ರೆಗೆ ಹೊರಟವನು ಅಲ್ಲಿನ ನಿಯಮವೇನು, ಕಾಣಿಕೆ ಏನು, ಹೇಗೆ ನಡೆದುಕೊಳ್ಳಬೇಕು ಎಂದು ಮೊದಲೇ ವಿಚಾರಿಸುತ್ತಿದ್ದನು. ಅರಣ್ಯಕ್ಕೆ ಹೊರಟವನು ಕೇಳುವುದು ಒಂದೇ ಪ್ರಶ್ನೆ: ಹುಲಿ ಕಾಣುತ್ತದೆಯೋ ಇಲ್ಲವೋ? ಅದಕ್ಕಿಂತ ಮೊದಲು ಕೇಳಬೇಕಾದ ಬೇರೊಂದು ಪ್ರಶ್ನೆಯಿದೆ ಎಂದು ನಮಗೆ ತೋರುತ್ತದೆ. ಆ ಪ್ರಾಣಿ ಬದುಕಿ ಉಳಿಯುವುದಕ್ಕಾಗಿ ನಷ್ಟವನ್ನು ಅನುಭವಿಸುತ್ತಿರುವವರು ಯಾರು, ಮತ್ತು ನಾವು ತೆರುವ ಹಣದಲ್ಲಿ ಅವರ ಪಾಲೆಷ್ಟು?

ಈ ಪ್ರಶ್ನೆಯ ತೂಕವನ್ನು ಅರಿಯಲು ಬಂಡೀಪುರದವರೆಗೆ ಹೋಗಬೇಕಾಗಿಲ್ಲ. ನವಲಗುಂದ ತಾಲೂಕಿನ ತಿರ್ಲಾಪುರದ ಸುತ್ತಲಿನ ಎರೆಹೊಲಗಳಲ್ಲಿ ನಿಂತರೆ ಸಾಕು. ನವಿಲುಗಳ ಗುಡ್ಡವೆಂಬ ಅರ್ಥದ ಹೆಸರನ್ನೇ ಹೊತ್ತಿರುವ ಈ ತಾಲೂಕಿನಲ್ಲಿ ಅಡವಿಯೆಂಬುದಿಲ್ಲ. ಕಣ್ಣು ಹಾಯುವಷ್ಟು ದೂರ ಕಪ್ಪು ಮಣ್ಣು, ನಡುವೆ ಮಲಪ್ರಭೆಯ ಕಾಲುವೆ. ಆ ಬಯಲೇ ಕೃಷ್ಣಮೃಗದ ನೆಲೆ. ಹಳಗನ್ನಡದ ಕವಿಗಳು ಎರಳೆಯೆಂದು ಕರೆದ ಈ ಮೃಗಕ್ಕೆ ನಮ್ಮ ಜನ ಚಿಗರಿ ಎನ್ನುತ್ತಾರೆ. ಅದರ ಓಟದ ಚೆಲುವಿಗೆ ಮನಸೋತು ಹುಬ್ಬಳ್ಳಿ-ಧಾರವಾಡದ ತ್ವರಿತ ಸಾರಿಗೆಯ ಬಸ್ಸುಗಳಿಗೂ ಚಿಗರಿ ಎಂದೇ ಹೆಸರಿಟ್ಟಿದ್ದಾರೆ. ಪೇಟೆಯಲ್ಲಿ ಹೆಸರು ಹೀಗೆ ಸುಖವಾಗಿ ಓಡಾಡಿಕೊಂಡಿದೆ. ಆದರೆ ಮುಂಗಾರಿನ ಹೆಸರುಕಾಳು ಎರಡೆಲೆ ಬಿಟ್ಟಾಗ, ಹಿಂಗಾರಿನ ಕಡಲೆ ಗೇಣುದ್ದ ಎದ್ದಾಗ ಹಿಂಡು ಹಿಂಡಾಗಿ ಬಂದು ಮೇಯುವ ನಿಜವಾದ ಚಿಗರಿಯನ್ನು ಕಂಡ ರೈತನಿಗೆ ಅದರ ಚೆಲುವನ್ನು ಆಸ್ವಾದಿಸುವ ಬಿಡುವಿರುವುದಿಲ್ಲ. ಅವನು ಹೊಲದ ಸುತ್ತ ಹಳೆಯ ಸೀರೆಗಳನ್ನು ಕಟ್ಟುತ್ತಾನೆ, ತಗಡು ಬಡಿಯುತ್ತಾನೆ, ರಾತ್ರಿ ಹೊಲದಲ್ಲಿಯೇ ಮಲಗುತ್ತಾನೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಕೃಷ್ಣಮೃಗವಿದೆ. ಹುಲಿ, ಆನೆಗಳಿಗೆ ಇರುವ ಅತ್ಯುನ್ನತ ರಕ್ಷಣೆಯೇ ಅದಕ್ಕೂ ಇದೆ. ಇದು ಯೋಗ್ಯವಾದ ಕಾನೂನು. ಆದರೆ ನ್ಯಾಯವೆಂದರೆ ಅವರವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದು ಎಂಬ ಪ್ರಾಚೀನ ತತ್ತ್ವಜ್ಞಾನಿಗಳ ಅಳತೆಗೋಲನ್ನು ಇಲ್ಲಿಟ್ಟು ನೋಡಿದರೆ ಒಂದು ಕೊರತೆ ಕಾಣುತ್ತದೆ. ಚಿಗರಿ ಇಡೀ ನಾಡಿನ ಸಂಪತ್ತು. ಅದರ ಮೇವಿನ ಖರ್ಚು ಮಾತ್ರ ನಾಲ್ಕೆಕರೆ ಹೊಲದ ಒಡೆಯನದು. ಬೆಳೆಹಾನಿಗೆ ಪರಿಹಾರ ಕೇಳಲು ಅವಕಾಶವುಂಟು. ಆದರೆ ಉತಾರ ತೆಗೆಸಿ, ಫೋಟೋ ಹಿಡಿಸಿ, ಅರ್ಜಿ ಬರೆಸಿ ಕಚೇರಿಗೆ ಅಲೆಯುವ ದಿನಗಳ ಕೂಲಿಯನ್ನು ಲೆಕ್ಕ ಹಾಕಿದ ರೈತ ಅನೇಕ ಸಲ ಅದರ ಗೊಡವೆಗೇ ಹೋಗುವುದಿಲ್ಲ. ಅಂಥವನ ಹೊಲದ ಬದುವಿನ ಮೇಲೆ ರವಿವಾರ ಬೆಳಗ್ಗೆ ಕಾರು ನಿಲ್ಲಿಸಿ, ದೊಡ್ಡ ಕ್ಯಾಮೆರಾ ಹಿಡಿದು, ಚಿಗರಿ ಜಿಗಿಯುವ ಚಿತ್ರಕ್ಕಾಗಿ ಹಿಂಡನ್ನು ಬೆನ್ನಟ್ಟಿ ಹೋಗುವವರು ಆ ಒಡೆಯನಿಗೆ ಒಂದು ನಮಸ್ಕಾರವನ್ನಾದರೂ ಹೇಳುತ್ತಾರೆಯೇ?

ನೋಡುವವರಿಗೂ ಸಾಕುವವರಿಗೂ ನಡುವೆ ಸಂಬಂಧ ಕೂಡಿಸಿದ ಊರೊಂದು ನಮ್ಮ ರಾಜ್ಯದಲ್ಲಿಯೇ ಇದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1976ರಲ್ಲಿ ಅದನ್ನು ಹೊರಜಗತ್ತಿನ ಗಮನಕ್ಕೆ ತಂದರು. ಅದಕ್ಕೆ ಎಷ್ಟೋ ಮುಂಚಿನಿಂದಲೂ ಊರಿನವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸಿ ನಡೆದುಕೊಂಡಿದ್ದರು. ಗೂಡಿರುವ ಮರದ ಹುಣಸೆಯನ್ನು ಬಡಿಯುವಂತಿಲ್ಲ. ಮರದ ಒಡೆಯನಿಗೆ ಅದು ನಷ್ಟವೇ. ಆ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂದಿತು. ಮರದಡಿ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರವಾಯಿತು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಮರಳಿ ಬಿಡಲು ಊರಿನವರೇ ಹೆಜ್ಜಾರ್ಲೆ ಬಳಗವೆಂದು ಕೂಡಿಕೊಂಡರು. 2007ರಲ್ಲಿ ಸರ್ಕಾರವು ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಪರಿಹಾರದ ಮೊತ್ತ ಸಾಲದೆಂಬ ದೂರು ಅಲ್ಲಿಯೂ ಇದೆ. ಆದರೂ ಪ್ರೀತಿ ಮೊದಲು ಬಂದು, ಹಣವು ಅದಕ್ಕೆ ಊರುಗೋಲಾಗಿ ಆಮೇಲೆ ಬಂದ ಕ್ರಮವನ್ನು ನಾವು ಗಮನಿಸಬೇಕು. ಪ್ರಾಣಿಗೆ ಬೆಲೆ ಕಟ್ಟಿ, ಆ ಬೆಲೆಗಾಗಿ ಮಾತ್ರ ಅದನ್ನು ಕಾಯುವ ಊರು ನಾಳೆ ಬೇರೊಬ್ಬ ಹೆಚ್ಚಿನ ಬೆಲೆ ಕೊಟ್ಟಾಗ ಅದನ್ನು ಬಿಟ್ಟೇ ಬಿಡುತ್ತದೆ. ಪ್ರತಿಯೊಂದು ಜೀವಿಗೂ ಮನುಷ್ಯನ ಉಪಯೋಗವನ್ನು ಮೀರಿದ ಸ್ವಂತ ಮೌಲ್ಯವುಂಟೆಂದು ದಿವಂಗತ ಪೋಪ್ ಫ್ರಾನ್ಸಿಸರು 2015ರ ತಮ್ಮ ‘ಲೌದಾತೋ ಸೀ’ ವಿಶ್ವಪತ್ರದಲ್ಲಿ ಬೋಧಿಸಿದರು. ಅದೇ ಪತ್ರದಲ್ಲಿ ಭೂಮಿಯ ಮೊರೆಯನ್ನೂ ಬಡವರ ಮೊರೆಯನ್ನೂ ಬೇರ್ಪಡಿಸದೆ ಕೇಳಬೇಕೆಂದರು. ಬೆಳ್ಳೂರಿನವರು ಇವೆರಡನ್ನೂ ಯಾವ ಪತ್ರವನ್ನೂ ಓದದೆ ಆಚರಿಸಿದ್ದರೆಂಬುದು ನಮ್ಮಂಥ ಬೋಧಕರು ಸ್ವಲ್ಪ ನಾಚಿಕೊಳ್ಳಬೇಕಾದ ಸಂಗತಿ.

ನಮಗೆ ಇನ್ನೂ ಹತ್ತಿರದ್ದು ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ. ಮಂಗೋಲಿಯಾ, ಟಿಬೆಟ್ಟುಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲವನ್ನು ಅಲ್ಲಿ ಕಳೆಯುತ್ತವೆ. ವರ್ಷಕ್ಕೆ ಸುಮಾರು 8000 ಹಕ್ಕಿಗಳು ಬರುತ್ತವೆಂಬ ಅಂದಾಜಿದೆ. 2024ರಲ್ಲಿ ಈ ಕೆರೆ ರಾಮ್ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಹಗಲು ನೀರಿನಲ್ಲಿ ವಿಶ್ರಮಿಸುವ ಈ ಬಾತುಗಳು ರಾತ್ರಿ ಸುತ್ತಲಿನ ಹೊಲಗಳಿಗೆ ಮೇವಿಗೆ ಹೋಗುತ್ತವೆ. ಅಂದರೆ ಪಟ್ಟಿಯಲ್ಲಿರುವುದು ಕೆರೆ. ಊಟ ಬಡಿಸುತ್ತಿರುವುದು ಶೇಂಗಾ, ಕಡಲೆ ಬಿತ್ತಿದವರು.

ಇನ್ನು ಪ್ರಾಣಿಯ ಕಡೆಯಿಂದ ನೋಡೋಣ. ಕರಡಿ ಆಡಿಸುವವರು ಮೂಗುದಾರ ಹಾಕಿದ ಕರಡಿಯನ್ನು ಊರೂರಿಗೆ ತಂದು ಕುಣಿಸಿದ್ದನ್ನು, ತಾಯಂದಿರು ಅದರ ಕೂದಲನ್ನು ಪಡೆದು ಮಕ್ಕಳ ತಾಯಿತದಲ್ಲಿ ಕಟ್ಟಿಸಿದ್ದನ್ನು ನಮ್ಮ ಪೀಳಿಗೆಯವರು ಕಂಡಿದ್ದೇವೆ. 2009ರಲ್ಲಿ ದೇಶದ ಕೊನೆಯ ಕುಣಿತದ ಕರಡಿಗೂ ಬಿಡುಗಡೆಯಾಗಿ ಅದು ಬನ್ನೇರುಘಟ್ಟದ ಪುನರ್ವಸತಿ ಕೇಂದ್ರವನ್ನು ಸೇರಿತು. ಇಂದು ಕರಡಿ ನೋಡಬೇಕಾದವರು ಹಂಪಿಯ ಸಮೀಪದ ದರೋಜಿ ಕರಡಿಧಾಮಕ್ಕೆ ಹೋಗಿ ದೂರದ ಗೋಪುರದಿಂದ ನೋಡುತ್ತಾರೆ. ಎಷ್ಟು ದೊಡ್ಡ ಬದಲಾವಣೆ! ಆದರೂ ಅಲ್ಲಿ ಪ್ರವಾಸಿಗರಿಗೆ ಕರಡಿ ತಪ್ಪದೆ ಕಾಣಿಸಲೆಂದು ಬಂಡೆಗಳಿಗೆ ಬೆಲ್ಲದ ಮಿಶ್ರಣವನ್ನು ಬಳಿಯುವ ರೂಢಿ ಬೆಳೆದು ಬಂದಿದೆ. ಇದರಲ್ಲಿ ಕ್ರೌರ್ಯವಿಲ್ಲ, ನಿಜ. ಊರಿನ ಬೆಳೆಯತ್ತ ಕರಡಿ ಹೋಗದಂತೆ ಇದು ತಡೆಯುತ್ತದೆಂದು ಸಮರ್ಥಿಸಬಹುದು. ಆದರೆ ಸಂಜೆಯ ಹೊತ್ತಿಗೆ ಸರಿಯಾಗಿ ಬೆಲ್ಲಕ್ಕೆ ಬರುವ ಕರಡಿ ನಮ್ಮ ವೇಳಾಪಟ್ಟಿಯನ್ನು ಪಾಲಿಸುತ್ತಿದೆ. ಮೂಗುದಾರ ಹೋಗಿ ಬೆಲ್ಲ ಬಂದಿದೆ ಎಂದು ನಾವು ಹೇಳಿದರೆ ಅತಿಶಯೋಕ್ತಿಯಾದೀತೇನೋ, ಪೂರ್ತಿ ಸುಳ್ಳಾಗಲಾರದು. ಪ್ರಾಣಿ ಕಾಣದೆ ಹೋಗುವ ಸಾಧ್ಯತೆಯನ್ನು ಒಪ್ಪಿಕೊಂಡು ಹೊರಡುವವನೇ ಪ್ರಾಣಿಯ ಸ್ವಾತಂತ್ರ್ಯವನ್ನು ಒಪ್ಪಿಕೊಂಡವನು.

ಹಣವೂ ನೆಮ್ಮದಿಯೂ ಎರಡೂ ತಪ್ಪಿದರೆ ಏನಾಗುತ್ತದೆಂಬುದನ್ನು ದಕ್ಷಿಣದ ಅರಣ್ಯಗಳು ತೋರಿಸಿವೆ. 2012ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಹುಲಿ ಮೀಸಲು ಪ್ರದೇಶಗಳ ಒಳಭಾಗದಲ್ಲಿ ಪ್ರವಾಸವನ್ನು ತಾತ್ಕಾಲಿಕವಾಗಿ ನಿಷೇಧಿಸಿ, ಅಕ್ಟೋಬರಿನಲ್ಲಿ ಹೊಸ ಮಾರ್ಗಸೂಚಿಗಳೊಡನೆ ನಿಷೇಧವನ್ನು ತೆರವುಗೊಳಿಸಿತು. ಒಳಭಾಗದ ಶೇಕಡಾ 20ಕ್ಕಿಂತ ಹೆಚ್ಚು ಪ್ರದೇಶವನ್ನು ಪ್ರವಾಸಕ್ಕೆ ಬಳಸಬಾರದೆಂಬುದು ಅವುಗಳಲ್ಲೊಂದು. ಕಬಿನಿಯ ಸುತ್ತ ವಸತಿಗೃಹಗಳು ಮೆರೆದವು. ಪಕ್ಕದ ಹಳ್ಳಿಯವನ ಪಾಲಿಗೆ ಉಳಿದದ್ದು ಅಂಜಿಕೆ. 2025ರಲ್ಲಿ ಹುಲಿಯ ದಾಳಿಗೆ ಸಾಲಾಗಿ ಜನ ಬಲಿಯಾದಾಗ ರೈತರು ಬೀದಿಗಿಳಿದು ಮೊದಲು ಕೇಳಿದ್ದು ಸಫಾರಿಯನ್ನು ನಿಲ್ಲಿಸಿರೆಂದು. ನವೆಂಬರಿನಲ್ಲಿ ಅರಣ್ಯ ಸಚಿವರು ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ನಿಲ್ಲಿಸಲು ಆದೇಶಿಸಿದರು. ಹುಲಿ ಊರಿಗೆ ಬರಲು ಸಫಾರಿಯೇ ಕಾರಣವೇ ಎಂಬುದು ಚರ್ಚೆಯ ವಿಷಯ. ಆದರೆ ಸಫಾರಿಯಿಂದ ತಮ್ಮ ಮನೆಗೂ ನಾಲ್ಕು ಕಾಸು ಬರುತ್ತಿದ್ದರೆ ಜನರ ಸಿಟ್ಟು ಮೊದಲು ಅದರತ್ತಲೇ ತಿರುಗುತ್ತಿತ್ತೇ?

ಹಾಗಾದರೆ ನವಲಗುಂದದ ಚಿಗರಿಗೆ ಏನು ದಾರಿ? ಹಿಂಡುಗಳನ್ನು ಹಿಡಿದು ಬೇರೆಡೆ ಬಿಡಬೇಕೆಂಬ ಒತ್ತಾಯ ಆಗಾಗ ಕೇಳಿಬರುತ್ತದೆ. ಹೇಳುವುದು ಸುಲಭ, ಮಾಡುವುದು ಕಷ್ಟ. ಬೆದರಿ ಓಡಿದ ಚಿಗರಿ ಆ ದಣಿವು, ಗಾಬರಿಗಳಿಂದಲೇ ಸಾಯುವುದುಂಟು. 1974ರಲ್ಲಿ ರಾಣೆಬೆನ್ನೂರಿನಲ್ಲಿ ಇದೇ ಮೃಗಕ್ಕಾಗಿ 119 ಚದರ ಕಿಲೋಮೀಟರಿನ ಧಾಮ ಮಾಡಿದರು. ಅದರ ಹುಲ್ಲುಬಯಲಿನ ಬಹುಭಾಗವನ್ನು ನೀಲಗಿರಿ ಮರಗಳು ಆವರಿಸಿದವು. ಚಿಗರಿ ಉಳಿಯಿತು, ಅದರೊಡನೆ ಅಲ್ಲಿದ್ದ ಎರೆಭೂತವೆಂಬ ದೊಡ್ಡ ಹಕ್ಕಿ ಇಲ್ಲವಾಯಿತು. ಬೇಲಿ ಹಾಕಿ ಧಾಮವೆಂದು ಫಲಕ ನೆಟ್ಟ ಮಾತ್ರಕ್ಕೆ ಬಯಲಿನ ಜೀವಗಳು ಉಳಿಯುವುದಿಲ್ಲ.

ವನ್ಯಜೀವಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯಂತೆ, ಜನರೇ ಮುಂದೆ ಬಂದರೆ ಖಾಸಗಿ ಭೂಮಿಯನ್ನೂ ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಬಹುದು. ಬೆಳ್ಳೂರಿಗೆ ದೊರೆತದ್ದು ಈ ಸ್ಥಾನವೇ. ಆದರೆ ಒಮ್ಮೆ ಘೋಷಣೆಯಾದರೆ ಭೂಮಿಯ ಬಳಕೆಯನ್ನು ಬದಲಿಸಲು ಸರ್ಕಾರದ ಒಪ್ಪಿಗೆ ಬೇಕು. ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ಎದ್ದು ನಿಂತು, 1980ರ ಜುಲೈ 21ರಂದು ಗುಂಡಿಗೆ ಎದೆಯೊಡ್ಡಿದ ರೈತರ ನಾಡಿದು. ಮೇಲಿನಿಂದ ಇಳಿದು ಬರುವ ಯೋಜನೆಗಳನ್ನು ಇಲ್ಲಿಯ ಜನ ಸಂಶಯದಿಂದ ನೋಡಿದರೆ ಅದಕ್ಕೆ ಕಾರಣವಿದೆ. ಆದ್ದರಿಂದ ಘೋಷಣೆಗೆ ಅವಸರಪಡದೆ ಚಿಕ್ಕದಾಗಿ ಆರಂಭಿಸುವುದು ಲೇಸೆಂದು ನಮ್ಮ ಅಭಿಪ್ರಾಯ. ಗ್ರಾಮ ಪಂಚಾಯಿತಿಯೇ ಸಂದರ್ಶಕರಿಂದ ಶುಲ್ಕ ಪಡೆಯಲಿ. ಊರಿನ ಯುವಕರೇ ದಾರಿ ತೋರಿಸಲಿ. ಹಿಂಡು ಯಾವ ಹೊತ್ತಿಗೆ ಎಲ್ಲಿರುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಸೇರಿದ ಹಣವನ್ನು ಆ ಹಂಗಾಮಿನಲ್ಲಿ ಬೆಳೆ ಕಳೆದುಕೊಂಡ ಹೊಲಗಳಿಗೆ ಗ್ರಾಮಸಭೆಯ ಮುಂದೆ ಬಹಿರಂಗವಾಗಿ ಹಂಚಲಿ. ಇಡೀ ನಷ್ಟ ಇದರಿಂದ ತುಂಬುತ್ತದೆಂದು ಯಾರೂ ಭಾವಿಸಬೇಕಿಲ್ಲ. ಸರ್ಕಾರದ ಪರಿಹಾರಕ್ಕೆ ಇದು ಬದಲಿಯೂ ಆಗಬಾರದು. ಆದರೆ ಚಿಗರಿ ಮೇಯ್ದ ಹೊಲದ ಒಡೆಯನೂ ಆ ಚಿಗರಿಯ ಪಾಲುದಾರನೆಂದು ಮೊದಲ ಬಾರಿಗೆ ಒಪ್ಪಿಕೊಂಡಂತಾಗುತ್ತದೆ.

ಕ್ರಿಸ್ಮಸ್ ರಜೆಯಲ್ಲಿ ಹೊರಡುವ ಕುಟುಂಬಗಳಿಗೆ ಎರಡು ಮಾತು. ಎರೆಹೊಲಗಳ ಕಡೆ ಹೋದರೆ ವಾಹನವನ್ನು ರಸ್ತೆಯ ಮೇಲೆಯೇ ನಿಲ್ಲಿಸಿ, ಬೆಳೆಯನ್ನು ತುಳಿಯಬೇಡಿರಿ, ಹಿಂಡಿನ ಬೆನ್ನು ಹತ್ತಬೇಡಿರಿ. ಬೆಳೆಯ ನಡುವೆ ಒಂಟಿಯಾಗಿ ಮುದುರಿ ಮಲಗಿದ ಚಿಗರಿಮರಿ ಕಂಡರೆ ಅದು ಅನಾಥವೆಂದು ಎತ್ತಿಕೊಂಡು ಬರಬೇಡಿರಿ. ತಾಯಿ ಅದನ್ನು ಅಲ್ಲಿ ಅಡಗಿಸಿಟ್ಟು ಮೇಯಲು ಹೋಗಿರುತ್ತದೆ. ಮಾಗಡಿಗೆ ಹೋಗುವವರು ಬೆಳಕು ಹರಿಯುವ ಮೊದಲೇ ಕೆರೆಯ ಏರಿಯನ್ನು ಸೇರಿ ಸದ್ದಿಲ್ಲದೆ ಕುಳಿತರೆ ಬಾತುಗಳು ಹೊಲಗಳಿಂದ ಮರಳಿ ನೀರಿಗಿಳಿಯುವುದನ್ನು ಕಾಣಬಹುದು. ಬುತ್ತಿಯನ್ನು ಮನೆಯಿಂದ ಒಯ್ಯದೆ ಚಹಾ, ತಿಂಡಿಯನ್ನು ಆ ಊರಿನ ಅಂಗಡಿಯಲ್ಲಿಯೇ ಕೊಂಡು, ಹೊಲದವರು ಎದುರಾದರೆ ಈ ವರ್ಷದ ಬೆಳೆ ಹೇಗಿದೆಯೆಂದು ವಿಚಾರಿಸಿರಿ. ಹೊರಡುವುದನ್ನು ಬೇಸಿಗೆಯ ರಜೆಗೆ ಮುಂದೂಡಬೇಡಿರಿ. ಅಷ್ಟರಲ್ಲಿ ಬಾತುಗಳು ಉತ್ತರಕ್ಕೆ ಹೊರಟುಹೋಗಿರುತ್ತವೆ.