ಅಟ್ಟದ ದುರಸ್ತಿ: ಮೊದಲು ಜಂತೆ, ಅನಂತರ ಶಾಖನಿರೋಧಕ

ರಾಜ್ಯದ ಹಳೆಯ ಪೇಟೆಗಳಲ್ಲಿ ಹೆಂಚಿನ ಮಾಡಿನ ಕೆಳಗಿರುವ ಮರದ ಅಟ್ಟವೇ ಇಂದಿಗೂ ಅನೇಕ ವರ್ತಕರ ಉಗ್ರಾಣ. ಬೇಸಿಗೆಯ ಸೆಖೆಗೆ ಅಲ್ಲಿ ಬೆಲ್ಲ ಜಿನುಗುತ್ತದೆ, ಅಂಟು ಪದಾರ್ಥಗಳು ಕೆಡುತ್ತವೆ, ಕೆಲಸಗಾರರು ಬಳಲುತ್ತಾರೆ. ಮಾಡಿನಡಿ ಶಾಖನಿರೋಧಕ ಹೊದಿಸುವ ಅಪೇಕ್ಷೆ ಸಹಜವೇ. ಆದರೆ ಅಟ್ಟವನ್ನು ಹೊತ್ತ ಜಂತೆಗಳನ್ನು ಪರೀಕ್ಷಿಸದೆ ಈ ವೆಚ್ಚಕ್ಕೆ ಇಳಿಯುವುದು ವಿವೇಕವಲ್ಲ. ತಂಪಾದ ಅಟ್ಟಕ್ಕೆ ಮೊದಲಿಗಿಂತ ಹೆಚ್ಚು ಸರಕು ಏರುವುದು ನಿಶ್ಚಿತ.

ಭಾರತೀಯ ಮಾನಕವಾದ ಐಎಸ್ 875ರ ಎರಡನೆಯ ಭಾಗವು ವಾಸದ ಕೊಠಡಿಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕಿಲೋ ಹೊರೆಯನ್ನು ಗಣಿಸುತ್ತದೆ. ಉಗ್ರಾಣಕ್ಕೆ ಕನಿಷ್ಠ ಸುಮಾರು 750 ಕಿಲೋ. ಅಂದರೆ ಮನೆಯ ಬಳಕೆಗೆ ಕಟ್ಟಿದ ಅಟ್ಟದಲ್ಲಿ ಚದರ ಮೀಟರಿಗೆ 50 ಕಿಲೋದ ನಾಲ್ಕು ಮೂಟೆಗಳಿಗೇ ಮಿತಿ ಮುಗಿಯುತ್ತದೆ.

ಜಂತೆಯ ಅಗಲವನ್ನು ಇಮ್ಮಡಿಗೊಳಿಸಿದರೆ ಬಲವೂ ಇಮ್ಮಡಿ; ಎತ್ತರವನ್ನು ಇಮ್ಮಡಿಗೊಳಿಸಿದರೆ ಬಲ ನಾಲ್ಕು ಪಟ್ಟು, ಬಾಗದೆ ನಿಲ್ಲುವ ಗುಣ ಎಂಟು ಪಟ್ಟು. ಆದುದರಿಂದ ಪಕ್ಕಕ್ಕೆ ತೆಳು ಹಲಗೆ ಬಡಿದು ತೃಪ್ತರಾಗುವುದು ಸಲ್ಲದು. ನಡುವೆ ಒಂದು ತೊಲೆಯನ್ನು ಕೊಟ್ಟು ಅಂತರವನ್ನು ತಗ್ಗಿಸುವುದು ಹಲವೆಡೆ ಹೆಚ್ಚು ಫಲಕಾರಿ. ಆದರೆ ಆ ಹೊರೆಯನ್ನು ಗೋಡೆ ಅಥವಾ ಕಂಬ ತಾಳುವುದೇ ಎಂಬುದನ್ನು ಎಂಜಿನಿಯರ್ ನಿರ್ಧರಿಸಬೇಕು. ಗೋಡೆಯೊಳಗೆ ಹೊಕ್ಕ ಜಂತೆಯ ತುದಿಗಳಲ್ಲಿ ಗೆದ್ದಲು, ತೇವಗಳ ಪರೀಕ್ಷೆ ಅತ್ಯವಶ್ಯ.

ದಾಸ್ತಾನಿನ ಅಟ್ಟವಾದರೆ ಶಾಖನಿರೋಧಕವು ಮಾಡಿನ ಕೆಳಗಿರಬೇಕು. ಬಳಸದ ಅಟ್ಟವಾದರೆ ಅದರ ನೆಲದ ಮೇಲೆ ಹಾಸಿದರೆ ಸಾಕು. ಥರ್ಮೊಕೋಲ್ ಅಗ್ಗವಾದರೂ ಸುಲಭವಾಗಿ ಉರಿಯುವ ವಸ್ತು, ರಾಕ್‌ವೂಲ್ ಉರಿಯುವುದಿಲ್ಲ. ಸರಕು ಮತ್ತು ಜೀವಗಳ ಪ್ರಶ್ನೆಯಿರುವಲ್ಲಿ ಈ ಬೆಲೆವ್ಯತ್ಯಾಸವನ್ನು ಉಳಿತಾಯವೆಂದು ಎಣಿಸಲಾಗದು.

ಲೆಕ್ಕಪತ್ರದ ವಿಷಯದಲ್ಲಿಯೂ ಎಚ್ಚರ ಬೇಕು. ಹುಳು ತಿಂದ ಜಂತೆಗೆ ಬದಲಾಗಿ ಅದೇ ಸಾಮರ್ಥ್ಯದ ಜಂತೆ ಹಾಕಿದರೆ ಅದು ಸಾಮಾನ್ಯವಾಗಿ ಚಾಲ್ತಿ ದುರಸ್ತಿ. ಅಟ್ಟವನ್ನು ಉಗ್ರಾಣದ ಹೊರೆಗೆ ಏರಿಸಿದರೆ, ಅಥವಾ ಇಲ್ಲದಿದ್ದ ಶಾಖನಿರೋಧಕವನ್ನು ಹೊಸದಾಗಿ ಅಳವಡಿಸಿದರೆ, ಅದು ಬಂಡವಾಳ ವೆಚ್ಚವೆನಿಸುವ ಸಂಭವವೇ ಹೆಚ್ಚು. ಇರುವ ಆಸ್ತಿಯನ್ನು ಕಾಪಾಡುವುದು ಬೇರೆ, ಹೊಸ ಪ್ರಯೋಜನ ಪಡೆಯುವುದು ಬೇರೆ ಎಂಬ ಮಾನದಂಡವನ್ನು ಸರ್ವೋಚ್ಚ ನ್ಯಾಯಾಲಯವು ಯಂತ್ರಗಳ ಕುರಿತಾದ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿ ಸ್ಪಷ್ಟಪಡಿಸಿದೆ. ಜಿಎಸ್‌ಟಿ ಕಾಯ್ದೆಯ 17(5)ನೆಯ ಕಲಮಿನಂತೆ ಕಟ್ಟಡದ ದುರಸ್ತಿ, ನವೀಕರಣಗಳ ಮೇಲಿನ ಹೂಡುವಳಿ ತೆರಿಗೆ ಜಮೆಯು ಬಂಡವಾಳೀಕರಿಸಿದ ಮಟ್ಟಿಗೆ ದೊರೆಯದು. ಆದ್ದರಿಂದ ಎಲ್ಲವನ್ನೂ ‘ದುರಸ್ತಿ’ ಎಂದು ಬರೆಯುವ ಆಸೆ ಮೂಡುತ್ತದೆ. ತಪಾಸಣೆಯ ವೇಳೆ ತೆರಿಗೆಯೊಡನೆ ಬಡ್ಡಿಯನ್ನೂ ತೆರಬೇಕಾದೀತು. ಎರಡೂ ಕೆಲಸಗಳಿಗೆ ಪ್ರತ್ಯೇಕ ಬಿಲ್ ಪಡೆದು, ಎಂಜಿನಿಯರರ ವರದಿಯನ್ನು ಕಡತದಲ್ಲಿಡುವುದೇ ಸರಿಯಾದ ಮಾರ್ಗ. ಬಾಡಿಗೆ ಮಳಿಗೆಯಾದರೆ ದುರಸ್ತಿಯ ಹೊಣೆ ಯಾರದೆಂದು ಕರಾರಿನಲ್ಲಿಯೇ ನಮೂದಾಗಿರಬೇಕು.

ತೆರಿಗೆಯ ಅನುಕೂಲ ನೋಡಿ ಕೆಲಸದ ಕ್ರಮ ನಿರ್ಧರಿಸುವುದು ಸಲ್ಲದು. ಹಣ ಒಂದಕ್ಕೆ ಮಾತ್ರ ಸಾಲುವುದಾದರೆ ಜಂತೆಗಳಿಗೇ ಆದ್ಯತೆ ಸಲ್ಲಬೇಕು. ಶಾಖನಿರೋಧಕವು ಮುಂದಿನ ಬೇಸಿಗೆಯವರೆಗೆ ಕಾಯಬಹುದು. ಅಟ್ಟದ ಕೆಳಗೆ ನಿಂತು ಗಿರಾಕಿಗೆ ಸರಕು ಅಳೆಯುವ ನೌಕರನ ಸುರಕ್ಷತೆ ಹಾಗೆ ಕಾಯಲಾರದು.