ಅನ್ನದ ಜೊತೆಗೆ ಅಕ್ಷರ
ಹುಟ್ಟುಹಬ್ಬದ ದಿನ ಅಂಧರ ಶಾಲೆಗೆ ಒಂದು ಹೊತ್ತಿನ ಊಟ ಮಾಡಿಸುವ ಗೃಹಸ್ಥರು ನಮ್ಮಲ್ಲಿ ಅನೇಕರು. ಆ ಸದ್ಭಾವವನ್ನು ನಾನು ಗೌರವಿಸುತ್ತೇನೆ. ಆದರೆ ಉಂಡ ಹುಡುಗನ ಕೈಗೆ ಪುಸ್ತಕವೂ ಬೇಡವೆ?

ಗದಗಿನ ವೀರೇಶ್ವರ ಪುಣ್ಯಾಶ್ರಮವು ಇದನ್ನು ಅಂದೇ ಅರಿತಿತ್ತು. ಸ್ವತಃ ದೃಷ್ಟಿಹೀನರಾಗಿದ್ದ ಪಂಚಾಕ್ಷರಿ ಗವಾಯಿಗಳೂ (1892–1944) ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ (1914–2010) ಅಂಧಬಾಲಕರಿಗೆ ಅನ್ನದೊಡನೆ ಸಂಗೀತವಿದ್ಯೆಯನ್ನಿತ್ತು, ಅವರು ಸ್ವಂತ ದುಡಿಮೆಯಿಂದ ಬಾಳುವಂತೆ ಮಾಡಿದರು.

ಆದರೆ ದೃಷ್ಟಿಯಿಲ್ಲದವರೆಲ್ಲರೂ ಗಾಯಕರೇ ಆಗಬೇಕೆಂದಿಲ್ಲ. ಗಣಿತ, ಇತಿಹಾಸ, ನ್ಯಾಯಶಾಸ್ತ್ರಗಳೂ ಅವರವೇ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಶೇಕಡ 40ಕ್ಕೆ ಕಡಮೆಯಿಲ್ಲದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನಿತ್ತಿದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣಸಂಸ್ಥೆಗಳಲ್ಲಿ ಇಂಥವರಿಗೆ ಶೇಕಡ 5ಕ್ಕೆ ಕಡಮೆಯಿಲ್ಲದಂತೆ ಸ್ಥಾನಗಳನ್ನು ಮೀಸಲಿರಿಸಿದೆ.

ಸ್ಥಾನ ದೊರೆತ ಮಾತ್ರಕ್ಕೆ ವಿದ್ಯೆ ದೊರೆಯದು. ಬ್ರೈಲ್ ಪುಸ್ತಕ, ಪಾಠ ಓದಿ ಹೇಳುವವರು, ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವವರು, ಇಷ್ಟೂ ಬೇಕು. ದಾನಕ್ಕೆ ಇಂದು ಎಡೆಯಿರುವುದು ಇಲ್ಲಿಯೇ. ಅಂಧರಿಗಾಗಿ ಪಠ್ಯವನ್ನು ಧ್ವನಿಮುದ್ರಿಸಲು ಕೃತಿಸ್ವಾಮ್ಯದ ಅಡ್ಡಿಯನ್ನೂ 2012ರ ತಿದ್ದುಪಡಿ ನಿವಾರಿಸಿದೆ. ದೊಡ್ಡಬಳ್ಳಾಪುರದಲ್ಲೋ ದೇವನಹಳ್ಳಿಯಲ್ಲೋ ಒಬ್ಬ ಅಧ್ಯಾಪಕರು ವಾರಕ್ಕೊಂದು ಅಧ್ಯಾಯವನ್ನು ಓದಿ ಮುದ್ರಿಸಿಟ್ಟರೆ, ಅದನ್ನು ಮುಂದಿನ ವರ್ಷದ ವಿದ್ಯಾರ್ಥಿಯೂ ಕೇಳಬಹುದು. ಇದಕ್ಕೆ ಹಣವೂ ಹೆಚ್ಚು ಬೇಡ. ಬಿಡುವಿನ ಒಂದು ಗಂಟೆ ಸಾಕು.